ಊರು ಫೇಲು, ಪೋಸ್ಟಣ್ಣ ಪಾಸು

ಪೋಸ್ಟಣ್ಣನ ಆ ದಿನದ ಪಡಿಪಾಟಲಿಗೆಲ್ಲ ಮೂಲ ಒಂದು ಜೆರಾಕ್ಸ್ ಹಾಳೆ. ಜೆರಾಕ್ಸ್ ಅಂದರೂ ಅದು ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಬೆಟ್ಟದ ಕೆಳಗಿನ ಪೇಟೆಯಿಂದ ಕೈಯಿಂದ ಕೈಗೆ ದಾಟಿ ಮೇಲೆ ಬರುವಷ್ಟರಲ್ಲಿ ಅದರಲ್ಲಿದ್ದ ರಸ್ತೆ ಚಿಹ್ನೆಗಳೆಲ್ಲ ಗೋಡೆಯ ಮೇಲೆ ಸೊಳ್ಳೆ ಹೊಡೆದ ಕಲೆಗಳ ಹಾಗಾಗಿದ್ದವು. ಯಾವುದು ಕೆಂಪು, ಯಾವುದು ನೀಲಿ, ಬರೆದವನಿಗೂ ಗೊತ್ತಾಗುವಂತಿರಲಿಲ್ಲ. ಮಧ್ಯಾಹ್ನಕ್ಕೆ ಎಲ್‌ಎಲ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸಿನ ಪರೀಕ್ಷೆ.

ಬೇರೆಯವರಿಗೆ ಎಲ್‌ಎಲ್ ಒಂದು ಕಾಗದ, ಪೋಸ್ಟಣ್ಣನಿಗೆ ಅದು ಮಂಡಿಯ ಪ್ರಶ್ನೆ. ಏರು ಹತ್ತಿ ಇಳುಕಲು ಇಳಿದು ಸೈಕಲ್ಲಿನಲ್ಲಿ ಟಪಾಲು ಹಂಚಿ ಹಂಚಿ ಅವನ ಬಲಮಂಡಿ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆನ್ನುತ್ತಿತ್ತು. ಅಂಚೆ ವ್ಯಾನಿನ ಡ್ರೈವರ್ ಮಾವ ಕೆಲಸ ಬಿಡುವವರಿದ್ದರು. ಪೋಸ್ಟ್‌ಮಾಸ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು: "ಇವತ್ತು ಎಲ್‌ಎಲ್ ತಂದ್ರೆ ವ್ಯಾನು ನಿಮ್ದು, ಮಾವ ಪಕ್ಕದಲ್ಲಿ ಕೂತು ಕಲಿಸ್ತಾರೆ. ತರಲಿಲ್ವಾ, ಕೆಳಗಿಂದ ಬೇರೆಯವ್ರನ್ನ ಕಳಿಸ್ತಾರೆ." ಲೈಸೆನ್ಸಿನ ಇನ್‌ಸ್ಪೆಕ್ಟರಮ್ಮ ಆ ಮೂಲೆಯ ಊರಿಗೆ ಬರುವುದು ವರ್ಷಕ್ಕೊಮ್ಮೆ. ಕುಶನ್ ಸೀಟಿನಲ್ಲಿ ಕೂತು, ಗಾಜು ಇಳಿಸಿ, ಕಾಲಿಗೆ ಕೆಲಸ ಕೊಡದೆ ಊರು ಸುತ್ತುವ ಕನಸು ಪೋಸ್ಟಣ್ಣನಿಗೆ ದಿನಾ ಬೀಳುತ್ತಿತ್ತು.

ಫೋಟೋಕ್ಕೆ ಮುಖ ನೆಟ್ಟಗಿರಲಿ ಎಂದು ಅವನು ಬೆಳಿಗ್ಗೆ ಕ್ಷೌರದಂಗಡಿಗೆ ಹೋದ. ಹಾಳೆಯನ್ನು ಕಣ್ಣಿಗೆ ಅಂಟಿಸಿಕೊಂಡು ಕೂತವನ ಕೆನ್ನೆಗೆ ನೊರೆ ಹಚ್ಚುತ್ತಾ ಕ್ಷೌರಿಕ ಇಣುಕಿ ನೋಡಿದ.

"ಏನಣ್ಣ ಇದು, ಜಾತಕಾನಾ?"

"ರಸ್ತೆ ಚಿಹ್ನೆ ಮಾರಾಯ. ಕಂಬದ ಮೇಲೆ ನೋಡಿ ಕಲಿಯೋಣ ಅಂದ್ರೆ ನಮ್ಮೂರಲ್ಲಿ ಬರೀ ಕಂಬ ಇದೆ, ಬೋರ್ಡೇ ಇಲ್ಲ."

"ಬೋರ್ಡ್ ಇಲ್ದೆ ಏನು! ಅಲ್ಲಿ ನೋಡು." ಕತ್ತಿಯಿಂದಲೇ ಗೋಡೆ ತೋರಿಸಿದ. ಕನ್ನಡಿಯ ಪಕ್ಕದಲ್ಲಿ ಕೆಂಪು ಉಂಗುರ, ಒಳಗೆ ಹಾರ್ನು, ಅದರ ಮೇಲೆ ಅಡ್ಡಗೆರೆ. "ಗಿರಾಕಿಗಳು ಜಾಸ್ತಿ ಮಾತಾಡಬಾರದು ಅಂತ ಹಾಕಿದೀನಿ. ಯಾರು ಕೇಳ್ತಾರೆ?" ಎಂದು ಶುರುಮಾಡಿದವನು ಕ್ಷೌರ ಮುಗಿಯುವವರೆಗೂ ಬಾಯಿ ಮುಚ್ಚಲಿಲ್ಲ.

ಪೋಸ್ಟಣ್ಣನ ತಲೆಯಲ್ಲಿ ದೀಪ ಹತ್ತಿತು. ಹಿಂದೊಮ್ಮೆ ರಸ್ತೆ ಇಲಾಖೆಯವರು ಬಂದು ಊರು ತುಂಬಾ ಬೋರ್ಡು ನೆಟ್ಟು ಹೋಗಿದ್ದರು. ಊರಿನಲ್ಲಿ ಕಳ್ಳರು ಇರಲಿಲ್ಲ. ಗಾಳಿಗೆ ಬಿದ್ದ ಬೋರ್ಡುಗಳನ್ನು ಜನ ಎತ್ತಿಟ್ಟುಕೊಂಡಿದ್ದರು, ಅಷ್ಟೇ. ಕೆಲವನ್ನು ಪಾಪ, ಬೀಳುವ ಮೊದಲೇ ಎತ್ತಿಟ್ಟುಕೊಂಡಿದ್ದರು.

ಟೀ ಅಂಗಡಿಯ ಮೇಜು ನೋಡಿದರೆ ಕೆಂಪಂಚಿನ ತ್ರಿಕೋನ, 'ಮುಂದೆ ಕಡಿದಾದ ಇಳಿಜಾರು.' ಅಂಗಡಿಯವನು ಹೆಮ್ಮೆಯಿಂದ, "ಮೂರು ಮೂಲೆ, ಮೂರು ಜನ, ಜಾಗಕ್ಕೆ ಜಗಳಾನೇ ಇಲ್ಲ" ಎಂದ. ಮೇಜು ಒಂದು ಕಡೆ ವಾಲಿದ್ದರಿಂದ ಟೀ ಲೋಟ ತಾನಾಗಿ ಜಾರಿ ಪೋಸ್ಟಣ್ಣನ ಮಡಿಲಿಗೆ ಬಂತು. ಆ ಚಿಹ್ನೆಯನ್ನು ಅವನು ಜನ್ಮದಲ್ಲಿ ಮರೆಯುವಂತಿರಲಿಲ್ಲ.

ಪಕ್ಕದ ಮನೆಯ ದೊಡ್ಡಮ್ಮನ ಕೋಳಿಗೂಡಿನ ಬಾಗಿಲು ಎಂಟು ಮೂಲೆಯ ಕೆಂಪು ಬೋರ್ಡು. "ಇದು 'ನಿಲ್ಲು' ಅಂತ ಕಣೋ. ನನ್ನ ಕೋಳಿ ಒಂದೂ ಇದನ್ನ ದಾಟಲ್ಲ" ಎಂದು ದೊಡ್ಡಮ್ಮ ಪಾಠ ಹೇಳಿದಳು. ದರ್ಜಿ ಇಸ್ತ್ರಿ ಮಾಡುತ್ತಿದ್ದುದು 'ಎಡಕ್ಕೆ ತಿರುಗಬೇಡಿ' ಮೇಲೆ. ಹೀಗೆ ಮನೆಮನೆ ಅಲೆದು, ಹೋದಲ್ಲೆಲ್ಲ ಒಂದೊಂದು ಲೋಟ ಟೀ ಕುಡಿದು, ಊಟದ ಹೊತ್ತಿಗೆ ಪೋಸ್ಟಣ್ಣ ಅಷ್ಟೂ ಚಿಹ್ನೆಗಳನ್ನು ಅರೆದು ಕುಡಿದಿದ್ದ. ಸುದ್ದಿ ತಿಳಿದ ಊರಿನವರು ತಾವೇ ಪರೀಕ್ಷೆಗೆ ಕೂರುವವರ ಹಾಗೆ ಅವನ ಹಿಂದೆ ಹೊರಟಿದ್ದರು.

ಊಟ ಬಡಿಸುತ್ತಾ ಹೆಂಡತಿ ಹೇಳಿದಳು: "ರೀ, ಊರೆಲ್ಲ ಸುತ್ತಿದ್ರಿ. ನಮ್ಮನೇಲೂ ಒಂದಿದೆಯಲ್ಲ, ನೀರಿನ ಡ್ರಮ್ಮಿನ ಮುಚ್ಚಳ. ಅದನ್ನೂ ತಿರುಗಿಸಿ ನೋಡಿ ಹೋಗಿ."

"ಅಯ್ಯೋ, ಅದೊಂದು ಬರದಿದ್ರೆ ಪ್ರಪಂಚ ಮುಳುಗಲ್ಲ, ಬಿಡೇ" ಎಂದು ಅವನು ಕೈ ತೊಳೆದ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಪರೀಕ್ಷೆ ಶಾಲೆಯ ಕೋಣೆಯಲ್ಲಿ. ಕರೆಂಟು ಇರಲಿಲ್ಲ, ಹಾಗಾಗಿ ಕಂಪ್ಯೂಟರೂ ಇರಲಿಲ್ಲ. ಇನ್‌ಸ್ಪೆಕ್ಟರಮ್ಮ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತಾ ಚಿಹ್ನೆಯ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸತೊಡಗಿದರು. ದನಿ ಎತ್ತುವ ಹೆಂಗಸಲ್ಲ. ಕಿಟಕಿಯ ಸರಳುಗಳ ಆಚೆ ಊರಿನ ಅರ್ಧ ಮುಖಗಳಿದ್ದವು.

ಮೊದಲನೆಯದು ಎಂಟು ಮೂಲೆಯ ಕೆಂಪು.

"ದೊಡ್ಡಮ್ಮನ ಕೋಳಿ..." ಎಂದವನು ನಾಲಿಗೆ ಕಚ್ಚಿಕೊಂಡ. "ಅಲ್ಲ ಮೇಡಂ, ನಿಲ್ಲಬೇಕು."

"ಸರಿ." ಮುಂದಿನದು ತ್ರಿಕೋನ.

ಪೋಸ್ಟಣ್ಣನ ಕೈ ತಾನಾಗಿ ಬೆಳಿಗ್ಗೆ ಟೀ ಚೆಲ್ಲಿದ್ದ ಮಡಿಲಿಗೆ ಹೋಯಿತು. "ಕಡಿದಾದ ಇಳಿಜಾರು ಮೇಡಂ!"

"ಅದು ನಮ್ಮಂಗಡೀದು!" ಕಿಟಕಿಯಿಂದ ಟೀ ಅಂಗಡಿಯವನು ಸಂತೋಷ ತಡೆಯಲಾರದೆ ಕೂಗಿದ.

ಹಾರ್ನಿನ ಕಾರ್ಡು ಎತ್ತಿದ್ದೇ ತಡ, ಕ್ಷೌರಿಕ "ಇದು ನಂದು ಮೇಡಂ, ಕನ್ನಡಿ ಪಕ್ಕ ಇದೆ" ಎಂದ. ಇವನೇ ಹೇಳಿದ ಮೇಲೆ ತಾನೇಕೆ ಸುಮ್ಮನಿರಬೇಕೆಂದು ದರ್ಜಿ, "ಎಡಕ್ಕೆ ತಿರುಗಬೇಡಿ ತೋರಿಸಿ ಮೇಡಂ, ಅದು ನಮ್ಮಲ್ಲಿದೆ!" ಎಂದು ಬೆರಳೆತ್ತಿದ. ದೊಡ್ಡಮ್ಮನಿಗೆ ತನ್ನದು ಮೊದಲೇ ಆಗಿಹೋಯಿತಲ್ಲ ಎಂಬ ಬೇಸರ. "ನಮ್ಮದು ಇನ್ನೊಂದ್ಸಲ ತೋರಿಸಿ ತಾಯಿ, ಇವನು ಅರ್ಧ ಹೇಳ್ದ" ಎಂದು ಗೋಗರೆದಳು.

ಇನ್‌ಸ್ಪೆಕ್ಟರಮ್ಮ ಕಾರ್ಡುಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು. ಲೋಟದ ನೀರು ಪೂರ್ತಿ ಕುಡಿದರು. ಕಿಟಕಿಯ ಕಡೆ ಒಮ್ಮೆ, ಪೋಸ್ಟಣ್ಣನ ಕಡೆ ಒಮ್ಮೆ ನೋಡಿದರು.

"ಬೆಳಿಗ್ಗೆ ಜೀಪಲ್ಲಿ ಬರ್ತಾ ಬರೀ ಕಂಬ ನೋಡಿ, ಇದ್ಯಾವ ಊರಪ್ಪ ಅಂದ್ಕೊಂಡೆ. ಈಗ ಗೊತ್ತಾಯ್ತು. ನೀವು ಪಾಸು ಕಣ್ರೀ. ನಿಮ್ಮೂರು ಫೇಲು."

ಕಿಟಕಿಯಲ್ಲಿದ್ದ ಮುಖಗಳು ಒಂದೊಂದಾಗಿ ಕೆಳಗಿಳಿದವು.

"ಯಾವ ಬೋರ್ಡು ಎಲ್ಲಿದೆ ಅಂತ ನಿಮ್ಗೆ ಗೊತ್ತು. ಸಂಜೆಯೊಳಗೆ ಎಲ್ಲಾ ವಾಪಸ್ ಕಂಬದ ಮೇಲಿರಬೇಕು. ಆಮೇಲೆ ನಿಮ್ಮ ಎಲ್‌ಎಲ್‌ಗೆ ಸಹಿ ಹಾಕ್ತೀನಿ."

ಬೆಳಿಗ್ಗೆ ಟೀ ಕೊಟ್ಟ ಮನೆಗಳಿಗೆ ಮಧ್ಯಾಹ್ನ ಸ್ಪ್ಯಾನರ್ ಹಿಡಿದು ಹೋಗುವುದೆಂದರೆ ಸುಲಭವೇ? "ಉಂಡ ಮನೆಗೆ ಎರಡು ಬಗೀತೀಯಲ್ಲೋ" ಎಂದು ದೊಡ್ಡಮ್ಮ ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಬಾಗಿಲು ಬಿಚ್ಚಿದ ಕ್ಷಣವೇ, ಬೋರ್ಡು ಕಂಡರೆ ನಿಲ್ಲುತ್ತಿದ್ದ ಕೋಳಿಗಳೆಲ್ಲ ಬೀದಿಗೆ ಬಿದ್ದವು. ಟೀ ಅಂಗಡಿಯವನು ಮಾತು ಬಿಟ್ಟ. ಕ್ಷೌರಿಕ ಮಾತು ಬಿಡಲಿಲ್ಲ, ಬಿಟ್ಟಿದ್ದರೇ ಚೆನ್ನಾಗಿತ್ತು. ಪೋಸ್ಟಣ್ಣನಿಗೆ ನಾಚಿಕೆಯಾಯಿತು, ನಿಜ. ಆದರೆ ಮಂಡಿ ಕಿರ್ರೆಂದಾಗಲೆಲ್ಲ ಕುಶನ್ ಸೀಟು ಕಣ್ಣಮುಂದೆ ಬರುತ್ತಿತ್ತು.

ಎಲ್ಲ ಮುಗಿದ ಮೇಲೆ ಒಂದು ಕಂಬ ಉಳಿಯಿತು. ಅಂಚೆ ಕಚೇರಿಯ ಗಲ್ಲಿ ರಸ್ತೆಗೆ ಸೇರುವಲ್ಲಿ, ಪೋಸ್ಟಣ್ಣ ದಿನಾ ಸೈಕಲ್ ಒರಗಿಸಿ ಬೀಗ ಹಾಕುತ್ತಿದ್ದ ಕಂಬ.

"ಅದಕ್ಕೂ ಒಂದು ಇದ್ದಿರಬೇಕಲ್ಲ" ಎಂದರು ಇನ್‌ಸ್ಪೆಕ್ಟರಮ್ಮ.

ಊರಿನವರ ಕಣ್ಣೆಲ್ಲ ಪೋಸ್ಟಣ್ಣನ ಮೇಲೆ. ಅವನು ಬೆವರೊರೆಸಿಕೊಂಡ. ಬೇರೆಯವರದೆಲ್ಲ ಕಿತ್ತು ತಂದು ತನ್ನದನ್ನು ಮುಚ್ಚಿಟ್ಟರೆ ಈ ಊರಿನಲ್ಲಿ ತಲೆಯೆತ್ತಿ ಟಪಾಲು ಹಂಚುವುದು ಹೇಗೆ? "ಇದೆ ಮೇಡಂ, ನಮ್ಮನೇಲೇ ಇದೆ" ಎಂದು ಓಡಿದ. "ನೀರಿಗೆ ಕಸ ಬೀಳುತ್ರೀ" ಎಂಬ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಮುಚ್ಚಳವನ್ನು ತಲೆಯ ಮೇಲೆ ಬೋರಲಾಗಿ ಹೊತ್ತು ತಂದ. ಅದರ ಮೂರು ತೂತುಗಳು ಕಂಬದ ಮೂರು ತೂತುಗಳಿಗೆ ಹೇಳಿ ಮಾಡಿಸಿದ ಹಾಗೆ ಕೂತವು. ಅವನು ಕಂಬದ ಹಿಂದೆ, ಸ್ಟೂಲಿನ ಮೇಲೆ ನಿಂತು ಸಿಳ್ಳೆ ಹಾಕುತ್ತಾ ನಟ್ಟು ಬಿಗಿದ. ಅವನಿಗೆ ಕಂಡಿದ್ದು ತುಕ್ಕು ಹಿಡಿದ ಬೆನ್ನು ಮಾತ್ರ.

ಸಹಿ ಬಿತ್ತು. ಎಲ್‌ಎಲ್ ಜೇಬಿಗೆ ಬಂತು. ಪೋಸ್ಟ್‌ಮಾಸ್ಟರಮ್ಮ ವ್ಯಾನಿನ ಕೀ ಕೊಟ್ಟರು. ಕುಶನ್ ಸೀಟಿನಲ್ಲಿ ಕೂತಾಗ ಪೋಸ್ಟಣ್ಣನಿಗೆ ಅಳು ಬರುವಷ್ಟು ಸುಖವಾಯಿತು. ಡ್ರೈವರ್ ಮಾವ ಪಕ್ಕದಲ್ಲಿ ಕೂತು, "ನಿಧಾನ, ಕ್ಲಚ್ಚು ನಿಧಾನ ಕಣಯ್ಯ" ಎನ್ನುತ್ತಿದ್ದರು. ವ್ಯಾನು ಅಂಚೆ ಕಚೇರಿಯ ಅಂಗಳದಿಂದ ಹೊರಟು ಎಮ್ಮೆಯಂತೆ ಗಲ್ಲಿಯ ಬಾಯಿಗೆ ಬಂತು.

ಅಲ್ಲಿ ಇನ್‌ಸ್ಪೆಕ್ಟರಮ್ಮ ಕೈ ಅಡ್ಡ ಹಿಡಿದು ನಿಂತಿದ್ದರು.

"ಇಳಿದು ಈ ಕಡೆ ಬನ್ನಿ. ಒಂದು ಕಾರ್ಡ್ ಕೇಳೋದು ಮರೆತಿದ್ದೆ. ಇದೇನು ಹೇಳಿ?"

ಪೋಸ್ಟಣ್ಣ ಕಂಬದ ಮುಂದೆ ಬಂದು ಮೇಲೆ ನೋಡಿದ. "ನಮ್ಮನೆ ಡ್ರಮ್ಮಿನ ಮುಚ್ಚಳ ಮೇಡಂ" ಎಂದ. ಆಮೇಲೆ ಸರಿಯಾಗಿ ನೋಡಿದ. ಕೆಂಪು ಉಂಗುರ. ಒಳಗೊಂದು ಕಾರು, ಅದರ ಮೇಲೊಂದು ಮೋಟರ್‌ಸೈಕಲ್ಲು, ಎರಡಕ್ಕೂ ಸೇರಿ ಒಂದು ಅಡ್ಡಗೆರೆ.

"ಮೋಟಾರು ಗಾಡಿಗಳಿಗೆ... ಪ್ರವೇಶ ಇಲ್ಲ" ಎಂದ.

"ಈ ಗಲ್ಲೀಲಿ ಬರೋ ಹಾಗೂ ಇಲ್ಲ, ಹೋಗೋ ಹಾಗೂ ಇಲ್ಲ. ಸೈಕಲ್ಲಿಗೆ?"

"ಸೈಕಲ್ಲಿಗೆ ಅಡ್ಡಿಯಿಲ್ಲ ಮೇಡಂ."

"ಎಷ್ಟು ಚೆನ್ನಾಗಿ ಕಲಿತಿದೀರಿ!" ಎಂದು ಮೆಚ್ಚಿಕೊಂಡು ಇನ್‌ಸ್ಪೆಕ್ಟರಮ್ಮ ಜೀಪು ಹತ್ತಿದರು.

ಎಂಜಿನ್ ಆರಿಸಿ ವ್ಯಾನನ್ನು ಹಿಂದಕ್ಕೆ ತಳ್ಳಲು ಊರಿನವರೆಲ್ಲ ಬಂದರು. ಎಲ್ಲರಿಗಿಂತ ಹುರುಪಿನಿಂದ ತಳ್ಳಿದವಳು ದೊಡ್ಡಮ್ಮ.

ಪೋಸ್ಟ್‌ಮಾಸ್ಟರಮ್ಮ ಮಾತ್ರ ಕೈಚೆಲ್ಲಿ ಕೂರುವವರಲ್ಲ. ಒಳಗೆ ಹೋಗಿ ಬರೆದು, ಅಂಟಿಸಿ, ಮುದ್ರೆ ಒತ್ತಿದ ಲಕೋಟೆ ಹಿಡಿದು ಬಂದರು.

"ಬೇಜಾರು ಮಾಡ್ಕೋಬೇಡಿ. ಆ ಬೋರ್ಡು ತೆಗೆಸಿ ಅಂತ ರಸ್ತೆ ಇಲಾಖೆಗೆ ಅರ್ಜಿ ಬರೆದಿದೀನಿ. ಕೆಳಗಿನ ಪೇಟೇಲೇ ಅವರ ಆಫೀಸು. ಅರ್ಜೆಂಟು, ಇವತ್ತೇ ತಲುಪಬೇಕು."

"ಯಾರು ತಗೊಂಡು ಹೋಗ್ತಾರೆ ಮೇಡಂ?"

ಪೋಸ್ಟ್‌ಮಾಸ್ಟರಮ್ಮ ಅದನ್ನು ಅವನ ಕೈಗೇ ಇಟ್ಟರು. ಪೋಸ್ಟಣ್ಣ ಲಕೋಟೆಯನ್ನು ಎಲ್‌ಎಲ್ ಇದ್ದ ಜೇಬಿಗೇ ಸೇರಿಸಿ, ಕಂಬದ ಬುಡದಲ್ಲಿ ಬಗ್ಗಿ ಸೈಕಲ್ಲಿನ ಬೀಗ ತೆಗೆದ. ಮಂಡಿ ಕಿರ್ರೆಂದಿತು.