ಕಂಸವಿಲ್ಲದ ಅಕ್ಕ

ತಮ್ಮನ ಮಗಳ ತೊಟ್ಟಿಲ ಕಾರ್ಯದಲ್ಲಿ ಏನೇನು ಕೆಡಬಹುದೆಂದು ವಾರದಿಂದ ಎಣಿಸುತ್ತಿದ್ದೆ. ಮಳೆ ಬಂದು ಪೆಂಡಾಲು ಸೋರಬಹುದು, ಅಡುಗೆಯವನು ಕೈಕೊಡಬಹುದು, ಹುಗ್ಗಿ ತಳ ಹಿಡಿಯಬಹುದು, ಪೂಜೆಗೆ ಬರುವ ಅಯ್ನೋರ ಸ್ಕೂಟರ್ ಪಂಕ್ಚರ್ ಆಗಬಹುದು, ತೊಟ್ಟಿಲ ಹಗ್ಗ ಹರಿಯಬಹುದು. ಹಗ್ಗಕ್ಕೆ ನಾನೇ ಜೋತುಬಿದ್ದು ನೋಡಿದೆ. ಅದು ಹರಿಯಲಿಲ್ಲ, ನನ್ನ ಅಂಗಿಯ ಕಂಕುಳು ಹರಿಯಿತು.

ಚಿಂತೆ ನನ್ನ ಉಪಕಸುಬು. ಮುಖ್ಯ ಕಸುಬು ಹಾನಗಲ್ಲಿನ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುವುದು. ಆ ವಾರದ ಪಾಠ ಆಬ್ಜೆಕ್ಟ್. ಅದಕ್ಕೆ ಪ್ರಾಪರ್ಟಿಗಳಿರುತ್ತವೆ, ಅಂದರೆ ಅದರ ಗುಣಗಳು. ಮೆಥಡ್‌ಗಳಿರುತ್ತವೆ, ಅಂದರೆ ಅದು ಮಾಡಬಲ್ಲ ಕೆಲಸಗಳು. ಗುಣ ತಿಳಿಯಲು ಹೆಸರು ಬರೆದರೆ ಸಾಕು. ಕೆಲಸ ಆಗಬೇಕಾದರೆ ಹೆಸರಿನ ಮುಂದೆ ಕಂಸ, ಅಂದರೆ ಬ್ರಾಕೆಟ್, ಹಾಕಿ ಕರೆಯಬೇಕು. ಕಂಸ ಮರೆತರೆ ಕಂಪ್ಯೂಟರ್ ಜಗಳಕ್ಕೇನೂ ಬರುವುದಿಲ್ಲ. 'ಹೌದು, ಇಂಥದೊಂದು ಕೆಲಸ ನನಗೆ ಬರುತ್ತದೆ' ಎಂದು ಹೇಳಿ ಸುಮ್ಮನೆ ಕೂತುಬಿಡುತ್ತದೆ. ಮಕ್ಕಳಿಗೆ ತಿಳಿಯಲೆಂದು ಅಕ್ಕಿಆಲೂರಿನಲ್ಲಿರುವ ನಮ್ಮ ಅಕ್ಕನನ್ನೇ ಬೋರ್ಡಿಗೆ ಏರಿಸಿದೆ. "ಊರು, ಸಿಟ್ಟು, ಇವು ಅಕ್ಕನ ಪ್ರಾಪರ್ಟಿ. ಕೂಸಿಗೆ ಹೆಸರಿಡೂದು ಮೆಥಡ್. ಕರೀಲಿಲ್ಲ ಅಂದ್ರ ನಡಿಯಂಗಿಲ್ಲ."

ತೊಟ್ಟಿಲ ದಿನ ಮಳೆಯಿಲ್ಲ. ಹುಗ್ಗಿ ಹದವಾಗಿ ಬೆಂದಿತ್ತು. ಅಯ್ನೋರು ಎಲ್ಲರಿಗಿಂತ ಮೊದಲೇ ಬಂದು ಚಹಾ ಮುಗಿಸಿದ್ದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ, ನಮ್ಮ ಅಕ್ಕ, ಅವಳೊಬ್ಬಳೇ ಇಲ್ಲ. ಅವಳು ಬಾರದೆ ಹೆಸರಿಡುವಂತಿಲ್ಲ. ಫೋನ್ ಮಾಡಿದೆ.

"ಕಾರ್ಡಿನ್ಯಾಗ ನನ್ನ ಹೆಸರು ಛಲೋ ಹಾಕ್ಸೀಯಪಾ," ಎಂದಳು. "ವಾಟ್ಸಾಪಿನ್ಯಾಗ ನೋಡೇನಿ."

"ಮತ್ತ ಯಾಕ ಬರ್ಲಿಲ್ಲ ಅಕ್ಕಾ?"

"ಬಾಗಲಿಗೆ ಬಂದು, ಕುಂಕುಮಾ ಹಚ್ಚಿ ಕರದವ್ರು ಯಾರು?"

ಕರೆಯುವ ಕೆಲಸ ನನ್ನ ಪಾಲಿನದು. ಹಗ್ಗಕ್ಕೆ ಜೋತುಬೀಳುವ ಗಡಿಬಿಡಿಯಲ್ಲಿ ಬಿಟ್ಟೇಹೋಗಿತ್ತು.

ಹೆಂಡತಿಯನ್ನೂ ಕುಂಕುಮದ ಭರಣಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಅಕ್ಕಿಆಲೂರಿಗೆ ಓಡಿದೆ. ಅಕ್ಕ ಇಳಕಲ್ ಸೀರೆ ಉಟ್ಟು, ಕೂಸಿಗೆ ಹೊಲಿಸಿದ ಕುಲಾವಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಎಲ್ಲ ತಯಾರು, ಕಂಸವೊಂದೇ ಬಾಕಿ.

ಹೆಂಡತಿ ಕುಂಕುಮ ಹಚ್ಚಿ, "ಬರ್ರಿ ಅಕ್ಕಾರ, ಕೂಸು ಕಾಯಾಕತ್ತೇತಿ," ಎಂದಳು.

"ನಡೀರಿ ನಡೀರಿ, ಎಷ್ಟ ತಡಾ ಮಾಡ್ತೀರಿ," ಎಂದು ಅಕ್ಕ ನಮಗಿಂತ ಮೊದಲೇ ಕಾರು ಹತ್ತಿದಳು.

ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದುವುದು ನಮ್ಮ ಕಡೆಯ ಪದ್ಧತಿ. ಅಕ್ಕ ನಗುತ್ತ ಅಷ್ಟನ್ನೂ ತಿಂದಳು. ಆಮೇಲೆ ನನ್ನ ಕಡೆ ತಿರುಗಿ, "ಕಾಲೇಜಿನ್ಯಾಗ ಹುಡುಗರಿಗೆ ಏನ ಕಲಸ್ತೀಯೋ ಏನೋ," ಎಂದು ನನ್ನ ಬೆನ್ನಿಗೂ ಒಂದು ಕೊಟ್ಟಳು.

ಆ ಗುದ್ದು ಮಾತ್ರ ಕರೆಯದೆಯೇ ಬಂತು.