ಭಟ್ಟ್ಯಾಗ ಹುರದ ಮೊಸರು

ರೋಣದ ಬಸ್ ಸ್ಟ್ಯಾಂಡಿನ ಹಿಂದ ನನ್ನ ಚುರುಮರಿ ಭಟ್ಟಿ ಐತಿ. ಭಟ್ಟಿ ಬಸಣ್ಣ ಅಂದ್ರ ಸಣ್ಣ ಹುಡುಗೂರು ಸೈತ ದಾರಿ ತೋರಸ್ತಾವ. ಕಾದ ಉಸುಕಿನ್ಯಾಗ ಕಡ್ಲಿ ಒಗದು, ಬರೇ ಸಪ್ಪಳ ಕೇಳಿ ಹದ ಹೇಳೋ ಮನಶ್ಯಾ ನಾನು. ಜಗತ್ತಿನ್ಯಾಗ ಯಾವ ಪದಾರ್ಥ ಇದ್ರೂ ಛಲೋತ್ನಂಗ ಹುರದ್ರ ರುಚಿ ಆಗತೈತಿ, ಮತ್ತ ಕೆಡೂದಿಲ್ಲ ಅನ್ನೂದು ನನ್ನ ಸಿದ್ಧಾಂತ. ಈ ಸಿದ್ಧಾಂತದ ಮ್ಯಾಲ ನನಗ ಭಾಳ ಅಂದ್ರ ಭಾಳ ಭರೋಸಾ ಇತ್ತು!

ಊರಾಗ ಮಂದಿ ಕೈಯಾಗ ಆಗಷ್ಟ ಮೊಬೈಲ್ ಬರಾಕತ್ತಿದ್ದ ಕಾಲ. ನಮ್ಮಾಕಿ ಗಂಗವ್ವಗ ಟೈಫಾಯ್ಡ್ ಬಂದು ಹೋಗಿತ್ತು. ಜ್ವರ ಏನೋ ಬಿಡ್ತು, ಆದ್ರ ಗುಳಿಗಿ ನುಂಗಿ ನುಂಗಿ ಹೊಟ್ಟಿ ಹದ ತಪ್ಪಿತ್ತು. ಅನ್ನ ಕಂಡ್ರ ಮಾರಿ ಹೊಳ್ಳಸ್ತಿದ್ಲು. ದಿನಾ ನನ್ನ ಬೈಯೂ ಬಾಯಿ ಸುಮ್ಮನಾಗಿತ್ತು. ಖರೇ ಹೇಳ್ತೀನಿ, ಬೈಸಿಕೊಳ್ಳದ ಮನ್ಯಾಗ ನನಗ ಕುಂದ್ರಾಕ ಆಗವಲ್ದಾಗಿತ್ತು.

ದವಾಖಾನಿಗೆ ಹೋದೆ. ಡಾಕ್ಟರು ಸಮಾಧಾನದ ಮನಶ್ಯಾರು.

"ಬಸಣ್ಣಾರ, ಗುಳಿಗಿ ಕೆಟ್ಟ ಜಂತು ಕೊಲ್ಲೂ ಮುಂದ ಹೊಟ್ಯಾಗಿನ ಚಲೋ ಜಂತೂ ಸಾಯ್ತಾವ. ಮೊಸರಿನ್ಯಾಗ ಚಲೋವು ಇರ್ತಾವ, ಅದಕ್ಕ ಪ್ರೋಬಯಾಟಿಕ್ ಅಂತಾರ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಾಳಿಹಣ್ಣು, ಕಾಳು, ಇವು ಆ ಜಂತುಗಳ ಮೇವು. ಅದು ಪ್ರಿಬಯಾಟಿಕ್. ಎರಡೂ ಕೂಡಿಸಿ ನಡುನಡುವ ತಿನ್ನಾಕ ಕೊಡ್ರಿ."

"ಅಂದ್ರ ಎತ್ತೂ ಬೇಕು, ಮೇವೂ ಬೇಕು?"

"ಬರೋಬ್ಬರಿ!"

ಡಾಕ್ಟರ ಬಾಯಿಂದ ಬರೋಬ್ಬರಿ ಅನಿಸಿಕೊಂಡವಗ ಇನ್ನೇನು ಬೇಕ್ರಿ? ದವಾಖಾನಿ ಮೆಟ್ಟಲಾ ಇಳಿಯೂದ್ರಾಗ ನಾನೂ ಅರ್ಧ ಡಾಕ್ಟರ ಆಗಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನ್ಯಾಗಿನ ಮೊಸರು ಅಂತಿಂಥಾ ಮೊಸರಲ್ಲ. ಗಂಗವ್ವ ಲಗ್ನಾಗಿ ಬರೂ ಮುಂದ ಅಬ್ಬಿಗೇರಿಯಿಂದ ಅಕಿ ಅವ್ವ ಮಣ್ಣಿನ ಮಗ್ಯಾಗ ಹೆಪ್ಪು ಹಾಕಿ, ಅರಿವಿ ಕಟ್ಟಿ, ಉಡ್ಯಾಗ ಇಟ್ಟು ಕಳಿಸಿದ್ಲು. ಆವತ್ತಿನಿಂದ ಇವತ್ತಿನ ಮೊಸರಿನ ಒಂದು ಚಮಚಾ ನಾಳಿನ ಹಾಲಿಗೆ. ಅವ್ವ ತೀರಿಕೊಂಡ್ಲು, ಹೆಪ್ಪು ಉಳೀತು. "ನನ್ನ ತವರಮನಿ ಅಂದ್ರ ಇನ್ನ ಈ ಮಗಿ" ಅಂತ ಗಂಗವ್ವ ಒಮ್ಮೆ ಅಂದಿದ್ಲು. ನಾನು ಕೇಳಿ ಹೂಂ ಅಂದಿದ್ದೆ. ನನ್ನ ಹೂಂ ಎಷ್ಟು ಗಟ್ಟಿ ಅನ್ನೂದು ಮುಂದ ನೀವ ನೋಡ್ತೀರಿ.

ಮಧ್ಯಾಹ್ನ ಅಕಿ ಮಲಗಿದ್ಲು. ನಾನು ಕಳ್ಳನಂಗ ಅಡಗಿಮನಿಗೆ ಹೊಕ್ಕು, ಗೂಡಿನ್ಯಾಗಿನ ಮಗಿ ತಗೊಂಡು ಭಟ್ಟಿಗೆ ಹೋದೆ. ಪರಾತದಾಗ ಪುಠಾಣಿ ಹಿಟ್ಟು ಹಾಕಿದೆ. ಬಳ್ಳೊಳ್ಳಿ ಜಜ್ಜಿದೆ, ಉಳ್ಳಾಗಡ್ಡಿ ಹೆಚ್ಚಿದೆ, ಬಾಳಿಹಣ್ಣು ಹಿಚಕಿದೆ. ಮ್ಯಾಲ ಮಗ್ಯಾಗಿನ ಮೊಸರು ಸುರುವಿದೆ. ತಳದಾಗ ಒಂದು ಚಮಚಾ ಅಂಟಿಕೊಂಡಿತ್ತು. ಪಾಪ, ಒಂದು ಜಂತುವಿಗೂ ಅನ್ಯಾಯ ಆಗಬಾರದು ಅಂತ ಅದನ್ನೂ ಬೆರಳಿಲೆ ಬಳದು ಹಾಕಿದೆ. ಮಗಿ ತೊಳದೂ ಇಟ್ಟೆ!

ಉಂಡಿ ಕಟ್ಟಾಕ ಹೋದೆ. ಎಲ್ಲಿ ಉಂಡಿ? ತೆಳ್ಳಗಾಗಿ ಸೋರಾಕತ್ತಿತು. ಹಿಟ್ಟು ಕೂಡಿಸಿದೆ, ಕೈಗೆ ಅಂಟಿತು. ಮತ್ತಷ್ಟು ಕೂಡಿಸಿದೆ, ಮೊಳಕೈ ತನಕ ಅಂಟಿತು. ಆವಾಗ ನನ್ನ ಸಿದ್ಧಾಂತ ನೆನಪಾತು. ಹಸೀ ಇದ್ರ ತಾನ ಅಂಟೂದು? ಹುರದ್ರಾತು!

ಕಾದ ಉಸುಕಿನ್ಯಾಗ ಒಗದೆ. ಚರ್ ಅಂತು. ಉಸುಕು ಉಂಡಿಗೆ ಹತ್ತಿತು, ಉಂಡಿ ಕಡಾಯಿಗೆ ಹತ್ತಿತು. ಹೊಗಿ ಎದ್ದು ಬಸ್ ಸ್ಟ್ಯಾಂಡಿಗೆ ಹೋತು. ಗದಗ ಬಸ್ ಕಾಯಾಕತ್ತಿದ್ದ ಮಂದಿ ಮೂಗಿಗೆ ಟಾವೆಲ್ ಹಿಡಕೊಂಡ್ರು.

"ಬಸಣ್ಣಾರ, ಭಟ್ಟ್ಯಾಗ ಏನ ಸುಟ್ಟೀರಿ?" ಅಂತ ಒಬ್ಬ ಹಿರ್ಯಾ ಒದರಿದ.

"ಔಷಧಿರಿ!" ಅಂದೆ ಠೀವಿಲೆ.

"ಹಂಗಂದ್ರ ನಾನು ಜಡ್ಡಿನ್ಯಾಗ ಇರ್ತೀನಿ ಬಿಡ್ರಿ" ಅಂದು ಅಂವ ಆ ಕಡೆ ನಡದ.

ಜಾಳಗಿಲೆ ಸೋಸಿ, ಉಸುಕು ಝಾಡಿಸಿ, ಉಂಡಿ ಒಂದು ಡಬ್ಬಿಗೆ ತುಂಬಿದೆ. ನೋಡಾಕ ಕರೀ ಹೊಲದಾಗಿನ ಮಣ್ಣಿನ ಹೆಂಟಿ ಇದ್ದಂಗ ಇದ್ವು. ಅಷ್ಟರಾಗ ಡಾಕ್ಟರು ದಿನದಂಗ ಚುರುಮರಿ ಒಯ್ಯಾಕ ಬಂದ್ರು. ಒಂದು ಉಂಡಿ ಮುಂದ ಹಿಡದೆ. ಕಡದ್ರು. ಕಟ್ ಅಂತು. ಗಲ್ಲ ಹಿಡಕೊಂಡು ನಿಂತ್ರು.

"ಬಸಣ್ಣಾರ, ಇದರಾಗ ಮೊಸರು ಎಲ್ಲೈತ್ರಿ?"

"ಐತ್ರಿ, ಮಗಿಗಟ್ಟಲೆ ಹಾಕಿ ಹುರದೀನಿ."

"ಅಯ್ಯ ನಿಮ್ಮ! ಜೀವ ಇರೂದನ್ನ ಬೆಂಕಿಗೆ ಹಾಕಿದ್ರ ಉಳೀತೈತೇನ್ರಿ? ಮೇವು ಐತಿ ಖರೇ, ಎತ್ತು ಸತ್ತೈತಿ."

ಡಬ್ಬಿ ಬಗಲಾಗ ಇಟ್ಟುಕೊಂಡು ಸಪ್ಪ ಮಾರಿ ಮಾಡಿ ಮನಿಗೆ ಬಂದೆ. ಹೊಸ್ತಿಲದಾಗ ದೀಪ ಹಚ್ಚಿತ್ತು. ಒಳಗ ನೋಡ್ತೀನಿ, ಇಷ್ಟು ದಿನ ಹಾಸಿಗಿ ಹಿಡದಿದ್ದ ಗಂಗವ್ವ ಎದ್ದು, ಗ್ವಾಡಿ ಹಿಡಕೊಂಡು ಹಾಲು ಕಾಸಾಕತ್ತಾಳ. ನನಗ ಖುಷಿ ಆತು. ಆ ಖುಷಿ ಅಕಿ ಗೂಡಿಗೆ ಕೈ ಹಾಕೂ ತನಕ ಇತ್ತು.

"ರೀ, ಮಗ್ಯಾಗಿನ ಮೊಸರೆಲ್ಲಿ?"

ನಾನು ಡಬ್ಬಿ ತೋರಿಸಿದೆ.

ಅಕಿ ಬೈತಾಳ ಅಂದುಕೊಂಡೆ. ಬೈಯಲಿಲ್ಲ. ತೊಳದ ಮಗಿ ಎದಿಗೆ ಹಿಡಕೊಂಡು ನೆಲಕ್ಕ ಕುಂತ್ಲು. "ಅವ್ವಂದು ಇಷ್ಟ ಉಳದಿತ್ತಲ್ರಿ" ಅಂದ್ಲು. ಕಣ್ಣಾಗ ನೀರು ಬಂದ್ವು. ನನಗ ಅಲ್ಲೇ ನೆಲಾ ಬಾಯಿ ಬಿಡಬಾರದಾ ಅನಿಸಿತು. ಹೊಳ್ಳಿ ಬಾಜೂ ಮನಿಗೆ ಓಡಿದೆ.

ಬಾಜೂ ಮನಿ ಹಸೀನಾಬಿ ನಮ್ಮ ಮನಿ ಮಗಳಿದ್ದಂಗ. ಗಂಡ ಗಾಜಿನ ಬಳಿ ವ್ಯಾಪಾರಕ್ಕ ಊರೂರು ತಿರಗತಾನ. ಬಾಗಲದಾಗ ನಿಂತು ಎಲ್ಲಾ ಹೇಳಿ, "ಒಂದು ಚಮಚಾ ಹೆಪ್ಪು ಕೊಡವ್ವಾ" ಅಂದೆ. ಬಾಯಿಗೆ ಸೆರಗು ಹಿಡದು ನಕ್ಲು.

"ಅಣ್ಣಾರ, ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದ್ರಿ. ನಾ ಹೊಸದಾಗಿ ಈ ಮನಿಗೆ ಬಂದಾಗ ಸಂಜಿಮುಂದ ನಿಮ್ಮ ಮನಿಗೆ ಕೇಳಾಕ ಬಂದಿದ್ದೆ. ಅಕ್ಕಾರು ಬೈದು ಹೊಳ್ಳಿ ಕಳಿಸಿ, ಮುಂಜಾನೆದ್ದು ತಾವ ತಂದು ಕೊಟ್ರು. ಆವತ್ತಿನಿಂದ ನಮ್ಮ ಮನ್ಯಾಗೂ ಅದ ರಿವಾಜು."

ನನಗ ಬರೇ "ಕೊಡಬಾರದು" ಅನ್ನೂದಷ್ಟ ಕೇಳಿಸಿತು. ತಲಿ ಕೆಳಗ ಹಾಕಿ ಹೊಂಟೆ.

"ನಿಲ್ರಿ ಅಣ್ಣಾರ. ಹೆಪ್ಪು ಕೊಡಬಾರದು. ಜಡ್ಡಿನ್ಯಾಗ ಇದ್ದವರಿಗೆ ತಿನ್ನಾಕ ಕೊಡಬಾರದು ಅಂತ ಯಾರೂ ಹೇಳಿಲ್ಲ."

ನನ್ನ ಹಿಂದಿಂದ ತಾಟು ಹಿಡಕೊಂಡು ನಮ್ಮ ಮನಿಗೆ ಬಂದ್ಲು. ಮುರದ ಕಟಕ ರೊಟ್ಟಿ, ಹೆಚ್ಚಿದ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪುಠಾಣಿ ಚಟ್ನಿ, ಬದಿಗೆ ಬಟ್ಟಲದಾಗ ಗಟ್ಟಿ ಮೊಸರು. ಗಂಗವ್ವ ಬ್ಯಾಡ ಅಂದ್ಲು. ಹಸೀನಾಬಿ ಕೇಳಲಿಲ್ಲ. ತಾನ ಮೊಸರಿನ್ಯಾಗ ರೊಟ್ಟಿ ಅದ್ದಿ ಅಕಿ ಬಾಯಿಗೆ ಇಟ್ಲು.

ಗಂಗವ್ವ ಒಂದು ಸಲ ಅಗದು ತಡದ್ಲು. ಮತ್ತ ಅಗದ್ಲು. "ಇದು ನಮ್ಮವ್ವನ ಮೊಸರು" ಅಂದ್ಲು.

"ಹೌದ್ರಿ ಅಕ್ಕಾರ, ನೀವ ಕೊಟ್ಟಿದ್ದು. ನಾನು ಒಂದು ದಿನಾನೂ ಕೆಡಿಸಿಲ್ಲ" ಅಂದ್ಲು ಹಸೀನಾಬಿ.

ಇಬ್ಬರೂ ಕೈ ಹಿಡಕೊಂಡು ಅತ್ರು, ಆಮ್ಯಾಲ ನನ್ನ ಕಡೆ ನೋಡಿ ನಕ್ರು. ಗಂಗವ್ವ ಎಷ್ಟೋ ದಿನದ ಮ್ಯಾಲ ಹೊಟ್ಟಿ ತುಂಬ ತಿಂದ್ಲು. ಎತ್ತೂ ಇತ್ತು, ಮೇವೂ ಇತ್ತು, ಯಾರೂ ಹುರದಿರಲಿಲ್ಲ. ಬಟ್ಟಲದ ತಳದಾಗ ಒಂದು ಚಮಚಾ ಮೊಸರು ಉಳಿಸಿದ್ಲು. ಅದನ್ನ ಬೆಚ್ಚಗಿನ ಹಾಲಿಗೆ ಹಾಕಿ, ಮಗಿ ಗೂಡಿನ್ಯಾಗ ಇಟ್ಲು. ಮುಂಜಾನಿ ಮೊಸರು ಹೆಪ್ಪುಗಟ್ಟಿತ್ತು. ಗಂಗವ್ವ ನನ್ನ ಎಬ್ಬಿಸಿ, ಕುಂದ್ರಿಸಿ, ಬಾಯಿ ತುಂಬ ಬೈದ್ಲು. ನನಗ ಹಬ್ಬ ಆದಂಗ ಆತು!

ನನ್ನ ಉಂಡಿ ಏನಾದ್ವು ಅಂತ ಕೇಳ್ತೀರೇನು? ಒಂದನ್ನ ಆಡಿನ ಮುಂದ ಹಾಕಿದ್ದೆ, ಮೂಸಿ ನೋಡಿ ನನ್ನ ಮಾರಿ ನೋಡಿತು. ಆದ್ರ ಉಂಡಿ ತುಂಬಿದ ಡಬ್ಬಿ ವ್ಯರ್ಥ ಹೋಗಿಲ್ಲ. ಬೆಕ್ಕು ಬಾಯಿ ಹಾಕಬಾರದಂತ ಗಂಗವ್ವ ಮಗಿ ಮುಚ್ಚಳದ ಮ್ಯಾಲ ಅದನ್ನ ಭಾರಕ್ಕ ಇಡ್ತಾಳ. ಇವತ್ತಿನ ತನಕ ಬೆಕ್ಕು ಬಂದಿಲ್ಲ. "ಡಬ್ಬಿ ಇಟ್ಟಿದ್ದು ಬೆಕ್ಕಿಗಲ್ರಿ ಅಣ್ಣಾರ, ನಿಮಗ" ಅಂತಾಳ ಹಸೀನಾಬಿ.