ನಾಲ್ಕು ಗೇರು ಹಿಂದಕ್ಕೆ, ಒಂದು ಮುಂದಕ್ಕೆ

ಮುದ್ದು ಅನಘಾ, ಮುದ್ದು ರೋಹಿತ್,

ನಿಮ್ಮ ಅಜ್ಜ ಕಾರು ಕಟ್ಟಿದ ಕಥೆಯನ್ನು ನಿಮ್ಮಪ್ಪನ ಬಾಯಲ್ಲಿ ಕೇಳಿರುತ್ತೀರಿ. ಅವನು ಹೇಳುವ ಕಥೆಯಲ್ಲಿ ಅಜ್ಜ ಮಹಾ ಎಂಜಿನಿಯರ್, ನಾನು ಟೀ ಕೊಡುವವಳು. ಅದು ಪೂರ್ತಿ ನಿಜವಲ್ಲ. ಆ ಕಾರಿನ ಗೇರ್‌ಬಾಕ್ಸ್ ರಿಪೇರಿಯಲ್ಲಿ ನನ್ನ ಕೈವಾಡವೂ ಇತ್ತು. ಕೈವಾಡ ಎಂಬ ಪದವನ್ನು ಯೋಚನೆ ಮಾಡಿಯೇ ಬರೆದಿದ್ದೇನೆ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಅಜ್ಜ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹೌಜ್ ಖಾಸ್ ಹತ್ತಿರ ಚೋಪ್ರಾ ಅವರ ಮನೆಯ ಮಹಡಿಯ ಮೇಲಿನ ಒಂದೇ ಕೋಣೆಯ ಬರ್ಸಾತಿಯಲ್ಲಿ ನಮ್ಮ ಸಂಸಾರ. ಒಂದು ದಿನ ಊರು ಬಿಟ್ಟು ಹೋಗುತ್ತಿದ್ದ ಯಾರೋ ವಿದೇಶಿಯವನಿಂದ ಅಜ್ಜ ಒಂದು ಕಾರು ತಂದರು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದು, ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳಬೇಕಾದ ಜಾತಿಯ ಕಾರಂತೆ. ಅವನು ಅರ್ಧ ಜೋಡಿಸಿ, ಅರ್ಧ ತುಕ್ಕು ಹಿಡಿಸಿ ಕೈಬಿಟ್ಟಿದ್ದ. ಎರಡು ಸೀಟು, ಹಿಂದುಗಡೆ ಎಂಜಿನ್, ಮೇಲೆ ಆಕಾಶ. ತಳ್ಳುಗಾಡಿಯ ಮೇಲೆ ಅದು ಅಂಗಳಕ್ಕೆ ಬಂದಾಗ ಬಾತ್‌ಟಬ್ ತಂದಿದ್ದಾರೆ ಎಂದುಕೊಂಡೆ.

ಅಜ್ಜ ಭಾನುವಾರವೆಲ್ಲ ಅದರ ಕೆಳಗೇ ಇರುತ್ತಿದ್ದರು. ನಾನು ಊಟಕ್ಕೆ ಕರೆಯುತ್ತಿದ್ದದ್ದು ಒಂದು ಜೊತೆ ಪಾದಗಳನ್ನು. ಚಳಿಗಾಲದ ಬಿಸಿಲಲ್ಲಿ ಚೋಪ್ರಾ ಅವರ ಹೆಂಡತಿ ಮಂಚ ಹಾಕಿಕೊಂಡು ಸ್ವೆಟರ್ ಹೆಣೆಯುವರು, ನಾನು ಪಕ್ಕದಲ್ಲಿ ಬಟಾಣಿ ಬಿಡಿಸುವೆ, ಕಾರಿನ ಕೆಳಗಿಂದ ಅಜ್ಜನ ಸೀಟಿ ಕೇಳುವುದು. ಅಷ್ಟು ಸುಖವಾದ ಸದ್ದನ್ನು ಆಮೇಲೆ ನಾನು ಕೇಳಿಲ್ಲ.

ಅಂತೂ ಎಂಜಿನ್ ಶುರುವಾಯಿತು. ಆದರೆ ಗೇರ್‌ಬಾಕ್ಸ್ ಸವೆದುಹೋಗಿತ್ತು. ಗೇರು ಹಾಕಿದರೆ ಹಿಟ್ಟಿನ ಗಿರಣಿಯಂತೆ ಗರ್ಜಿಸಿ, ಮರುಕ್ಷಣ ತಾನೇ ಹೊರಗೆ ಜಿಗಿಯುತ್ತಿತ್ತು. ಅದೇ ಹೊತ್ತಿಗೆ ಚೋಪ್ರಾ ಅವರ ಮಗಳ ಮದುವೆ ನಿಶ್ಚಯವಾಯಿತು. ಅಂಗಳದಲ್ಲಿ ಶಾಮಿಯಾನಾ ಹಾಕಬೇಕು, ಅಂಗಳದ ತುಂಬ ನಮ್ಮ ಕಾರು.

"ದೇಖಿಯೇ ರಾವ್ ಸಾಹಬ್," ಎಂದರು ಚೋಪ್ರಾ, "ಶಾಮಿಯಾನಾ ಬರುವ ದಿನ ಇದು ತನ್ನ ಕಾಲ ಮೇಲೆ ಗೇಟು ದಾಟಬೇಕು. ದಾಟಿದರೆ ಹಿತ್ತಲಿನ ಜಾಗ ನಿಮ್ಮದು, ಹಿಂದಿನ ಗಲ್ಲಿಯಿಂದ ತಂದು ನಿಲ್ಲಿಸಿಕೊಳ್ಳಿ. ಇಲ್ಲದಿದ್ದರೆ ಕಬಾಡಿಯವನು!"

"ಚಲೋ, ಮಂಜೂರ್!" ಎಂದುಬಿಟ್ಟರು ಅಜ್ಜ. ಮೇಲೆ ಬಂದವರಿಗೆ ಅನ್ನ ಸೇರಲಿಲ್ಲ. ಕಬಾಡಿಯವನ ಗುಜರಿಗೆ ಹಾಕುವುದೆಂದರೆ ಅವರಿಗೆ ಮಗುವನ್ನು ದತ್ತು ಕೊಟ್ಟ ಹಾಗೆ.

ಗೇರ್‌ಬಾಕ್ಸ್ ಬಿಚ್ಚಿ ಮಹಡಿಗೆ ಬಂತು. ಒಳಗಿನ ಚಕ್ರ, ಬಳೆ, ಕಡ್ಡಿಗಳನ್ನೆಲ್ಲ ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿದರು. ಎಲ್ಲಕ್ಕಿಂತ ದೊಡ್ಡದು ಒಂದು ಹಲ್ಲುಚಕ್ರ. ಅದನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದು ಮೈಗೆ ಸೀಮೆಸುಣ್ಣದಲ್ಲಿ 'ಎ', ಇನ್ನೊಂದಕ್ಕೆ 'ಬ' ಎಂದು ಬರೆದರು. ಎಡ, ಬಲ.

"ಸಾವಿತ್ರಿ, ಇವನ್ನು ಮುಟ್ಟಬೇಡ ಕಣೇ," ಎಂದು ಹೇಳಿ ಸವೆದದ್ದಕ್ಕೆ ಬದಲು ಹೊಸದು ತರಲು ಕಾಶ್ಮೀರಿ ಗೇಟಿನ ಬಜಾರಿಗೆ ಹೋದರು.

ಅವತ್ತು ಆಯುಧ ಪೂಜೆ. ನೀವೇ ಹೇಳಿ, ಮನೆಯಲ್ಲಿ ಅಷ್ಟೊಂದು ಆಯುಧ ಹರಡಿಕೊಂಡಿರುವಾಗ ಈಳಿಗೆಮಣೆಗೆ ಮಾತ್ರ ಕುಂಕುಮ ಇಟ್ಟು ಸುಮ್ಮನಿರುವುದು ಹೇಗೆ? ಅದೂ ಮೈತುಂಬ ಕರಿ ಎಣ್ಣೆಯ ಜಿಡ್ಡು! ಆ ಸ್ಥಿತಿಯಲ್ಲಿ ಪೂಜೆ ಮಾಡಿದರೆ ಚಾಮುಂಡೇಶ್ವರಿ ಮೆಚ್ಚುತ್ತಾಳೆಯೇ? ಮುಟ್ಟಬೇಡ ಎಂದರೆ ಕೊಳೆ ಕೈಯಲ್ಲಿ ಮುಟ್ಟಬೇಡ ಎಂದಿರಬೇಕು ಎಂದು ನಿರ್ಧರಿಸಿದೆ.

ಜಿಡ್ಡಿನದಕ್ಕೆಲ್ಲ ಸೀಗೆಪುಡಿ, ಹಿತ್ತಾಳೆ ಬಳೆಗಳಿಗೆ ಹುಣಸೆಹಣ್ಣು. ತಿಕ್ಕಿದೆ, ತೊಳೆದೆ, ಬಿಸಿಲಿಗಿಟ್ಟೆ. ದೇವರ ಮನೆಯ ದೀಪಗಳೂ ಅಷ್ಟು ಹೊಳೆದಿರಲಿಲ್ಲ. ಮಣೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಗೊಂಬೆ ಕೂರಿಸಿದ ಹಾಗೆ ಚೆಂದವಾಗಿ ಇಟ್ಟೆ. ಆಗ ನೋಡುತ್ತೇನೆ, ಸೀಮೆಸುಣ್ಣದ ಗುರುತು ಅಳಿಸಿಹೋಗಿದೆ!

ಗಾಬರಿಯಾಗಲಿಲ್ಲ. ನಮ್ಮೂರ ಶಾಲೆಯಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇರಲಿಲ್ಲ. 'ಎ' ಇದ್ದದ್ದು ನನ್ನ ಎಡಗೈ ಕಡೆ, ಚೆನ್ನಾಗಿ ನೆನಪಿತ್ತು. ಕುಂಕುಮ ಕಲಸಿ ಎಡಗೈ ಕಡೆಗೆ 'ಎ', ಬಲಗೈ ಕಡೆಗೆ 'ಬ' ಬರೆದು, ಸೇವಂತಿಗೆ ಹೂ ಮುಡಿಸಿದೆ. ನೆನಪಾಗದ ಸಂಗತಿ ಒಂದೇ. ಮೊದಲು ನೋಡುವಾಗ ನಾನು ಚಕ್ರದ ಆಚೆ ಕೂತಿದ್ದೆ. ಈಗ ಈಚೆ ಕೂತಿದ್ದೆ.

ಅಜ್ಜ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಏನೇ ಇದು?"

"ಪೂಜೆ ರೀ."

ಹಬ್ಬದ ದಿನ ಬೈಯುವಂತಿಲ್ಲ. ಗೇರ್‌ಬಾಕ್ಸಿಗೆ ಕೈಮುಗಿದರು. ಪೇಪರಿನ ಮೇಲಿನ ಸಾಲು ಮಾಯವಾಗಿತ್ತಲ್ಲ, ಯಾವುದು ಎಲ್ಲಿಗೆ ಎಂದು ಹೊಂದಿಸುವುದಕ್ಕೆ ದೀಪಾವಳಿ ಕಳೆಯಿತು. ಕೊನೆಗೆ ದೊಡ್ಡ ಚಕ್ರ ಎತ್ತಿಕೊಂಡು, "ಇಲ್ಲಿ ನನ್ನ ಗುರುತಿತ್ತಲ್ಲೇ?" ಎಂದರು.

"ಅಲ್ಲೇ ಇದೆಯಲ್ಲ, ನಿಮಗಿಂತ ದುಂಡಗೆ ಬರೆದಿದ್ದೇನೆ!"

ಅಜ್ಜ ನಂಬಿದರು. ಆ ಚಕ್ರದ ದುರ್ಗುಣ ಏನೆಂದರೆ ಎಡಕ್ಕೆ ಕೂರಿಸಿದರೂ ಕೂರುತ್ತದೆ, ಬಲಕ್ಕೆ ಕೂರಿಸಿದರೂ ತುಟಿಪಿಟಕ್ಕೆನ್ನದೆ ಕೂರುತ್ತದೆ.

ಓಡಿಸಿ ನೋಡಲು ಸಮಯವೇ ಸಿಗಲಿಲ್ಲ. ಶಾಮಿಯಾನಾದವರು ಬಿದಿರಿನ ಗಳು ಹೊತ್ತು ಬಂದೇಬಿಟ್ಟರು. ಕಬಾಡಿಯವನೂ ತಳ್ಳುಗಾಡಿ, ಹಗ್ಗ ಸಮೇತ ಹಾಜರಾಗಿದ್ದ. ಕಾರಿನ ಮೂತಿ ಗೋಡೆಗೆ, ಬೆನ್ನು ಗೇಟಿಗೆ. ಅಜ್ಜ ಎಂಜಿನ್ ಶುರು ಮಾಡಿ ಗಂಭೀರವಾಗಿ ರಿವರ್ಸ್ ಗೇರು ಹಾಕಿದರು. ಗರ್ಜನೆಯಿಲ್ಲ, ಜಿಗಿತವಿಲ್ಲ, ಬೆಣ್ಣೆಯಂತೆ ಕೂತಿತು. ಕಾರು ಮೃದುವಾಗಿ ಮುಂದೆ ಹೋಗಿ ಗೋಡೆಗೆ ಗುದ್ದಿತು!

"ಅಚ್ಛಾ?" ಎಂದರು ಚೋಪ್ರಾ. ಕಬಾಡಿಯವನು ಹಗ್ಗ ಬಿಚ್ಚತೊಡಗಿದ.

ಅಜ್ಜ ಕಣ್ಣು ಮುಚ್ಚಿ ಗಾಳಿಯಲ್ಲೇ ಬೆರಳಿಂದ ಚಕ್ರ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿ, ಬೈಯುವ ಬದಲು ನಗತೊಡಗಿದರು.

"ಎಡ ಬಲ ಆಗಿದೆ ಕಣೇ! ಎಲ್ಲಾ ತಿರುಗಾಮುರುಗಾ! ಈಗ ನಮ್ಮದು ನಾಲ್ಕು ಗೇರು ಹಿಂದಕ್ಕೆ, ಒಂದು ಮುಂದಕ್ಕೆ!"

"ಈಗೇನು ಮಾಡೋದು ರೀ?"

"ದಾಟಬೇಕು ಅಂದರು, ಯಾವ ಮುಖವಾಗಿ ಅಂತ ಹೇಳಿಲ್ಲ. ಹತ್ತಿಕೋ ಒಳಗೆ! ಕಾರಿನಡಿ ಮಲಗಿ ಮಲಗಿ ನನ್ನ ಕುತ್ತಿಗೆ ತಿರುಗೋಲ್ಲ. ಕನ್ನಡಿ ಬೇರೆ ಕೂರಿಸಿಲ್ಲ. ನೀನು ಹಿಂದೆ ನೋಡಿ ಹೇಳು."

ಮಕ್ಕಳೇ, ಚೋಪ್ರಾ ಸಾಹೇಬರ ಎದುರು ತಲೆಯ ಮೇಲಿನ ಸೆರಗನ್ನೂ ಸರಿಸದವಳು ನಾನು. ಅಂಥವಳು ಸೀಟಿನ ಮೇಲೆ ಮೊಣಕಾಲೂರಿ, ಊರಿಗೆಲ್ಲ ಕಾಣುವಂತೆ ಹಿಂದಕ್ಕೆ ಮುಖ ಮಾಡಿ ನಿಂತೆ. ಅಜ್ಜ ಫಸ್ಟ್ ಗೇರು ಹಾಕಿದರು. ಕಾರು ಸುಯ್ಯೆಂದು ಹಿಂದಕ್ಕೆ ಚಿಮ್ಮಿ ಗೇಟು ದಾಟಿತು!

ದಾಟಿತು, ಸರಿ. ಆದರೆ ಗಲ್ಲಿ ಸುತ್ತಿ ಹಿತ್ತಲು ಸೇರಬೇಕಲ್ಲ! ಬೀದಿಗೆ ಬಿದ್ದ ಕೂಡಲೆ ಅಜ್ಜನಿಗೆ ಹುರುಪು ಬಂದು ಸೆಕೆಂಡ್ ಗೇರು ಹಾಕಿದರು.

"ಎಡಕ್ಕೆ ರೀ, ಎಡಕ್ಕೆ!" ಎಂದೆ. ನನ್ನ ಎಡ ಅವರ ಬಲ. ಕಾರು ನೇರವಾಗಿ ತರಕಾರಿ ಗಾಡಿಯ ಕಡೆ ನುಗ್ಗಿತು.

"ಯಾರ ಎಡವೇ?"

"ಅಯ್ಯೋ, ಬಲ! ಬಲಾ! ಬಲಾಆಆ!"

ಅಷ್ಟು ದೊಡ್ಡ ಗಂಟಲು ನನಗಿದೆಯೆಂದು ಆವರೆಗೆ ನನಗೇ ಗೊತ್ತಿರಲಿಲ್ಲ. ನಿಮಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತದೆ, ಆ ಬೀದಿಯವರಿಗೆ ಏನು ಕೇಳಿಸಿತೆಂದು ಹೊಳೆದಿರಬೇಕು. ಹಿಂದಿಯಲ್ಲಿ ಬಲಾ ಎಂದರೆ ಪೀಡೆ, ಪಿಶಾಚಿ! ತಲೆಕೆದರಿದ ಹೆಂಗಸೊಬ್ಬಳು ಹಿಮ್ಮುಖವಾಗಿ ಓಡುವ ಬಾತ್‌ಟಬ್ಬಿನಲ್ಲಿ ನಿಂತು "ಬಲಾ, ಬಲಾ" ಎಂದು ಅರಚುತ್ತ ಬರುತ್ತಿದ್ದಾಳೆ. ತರಕಾರಿ ಭಯ್ಯಾ "ಹಾಯ್ ರಾಮ್!" ಎಂದು ಗಾಡಿ ಸಮೇತ ಓಡಿದ. ಇಸ್ತ್ರಿಯವನು ಓಡಿದ. ಎಮ್ಮೆಯೊಂದು ಅಡ್ಡಗಲ್ಲಿಗೆ ನುಗ್ಗಿತು. ನಾನು ಕಿರುಚಿದಷ್ಟೂ ದಾರಿ ಬಿಡುವಾಯಿತು. ಕೊನೆಯ ತಿರುವಿನಲ್ಲಿ ಮಾತ್ರ ನನ್ನ ಲೆಕ್ಕ ಮತ್ತೆ ತಪ್ಪಿ, ಶಾಮಿಯಾನಾದವರು ಹಿತ್ತಲ ಬಾಗಿಲಲ್ಲಿ ಇಳಿಸಿಟ್ಟಿದ್ದ ಹಾಸಿಗೆ, ಹತ್ತಿಯ ರಜಾಯಿಗಳ ರಾಶಿಯೊಳಗೆ ಕಾರು ಮೆತ್ತಗೆ ಕೂತಿತು.

ಚೋಪ್ರಾ ಅವರ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು ಓಡಿಬಂದರು. "ಮದುವೆ ಮನೆಯಲ್ಲಿ ಬಲಾ? ಈ ಗಾಡಿ ನಮ್ಮ ಹಿತ್ತಲಿಗೆ ಬೇಡವೇ ಬೇಡ!"

ಅಯ್ಯೋ, ಗೇಟು ದಾಟಿಸಿದ ಕಾರು ನನ್ನ ಬಾಯಿಂದಾಗಿ ಗುಜರಿಗೆ! ಅಜ್ಜ ರಜಾಯಿಗಳ ನಡುವಿನಿಂದ ಬಲಗೈ ಎತ್ತಿ, "ಬಹೆನ್‌ಜೀ, ಹಮಾರೀ ಭಾಷಾ ಮೇ ಬಲ ಮಾನೇ ಯೇ! ದಾಹಿನಾ!" ಎಂದು ಕೂಗಿದರು. ನಮ್ಮ ಭಾಷೆಯಲ್ಲಿ ಬಲ ಎಂದರೆ ಈ ಕೈ, ಬಲಗೈ ಎಂದು. ಆ ಕೈ ತುಂಬ ಹತ್ತಿ ಅಂಟಿತ್ತು. ಚೋಪ್ರಾ ನೋಡಿದರು. ನಗು ತಡೆಯಲಾಗದೆ ಬಿದಿರಿನ ಗಳು ಹಿಡಿದು ಕೂತೇಬಿಟ್ಟರು. "ಜಾಗ ನಿಮ್ಮದೇ ರಾವ್ ಸಾಹಬ್," ಎಂದರು ಕಣ್ಣೊರೆಸಿಕೊಂಡು, "ಆದರೆ ಭಾಭೀಜಿಯನ್ನು ಡ್ರೈವರ್ ಮಾಡಬೇಡಿ!"

ಮದುವೆ ಮುಗಿದ ಮೇಲೆ ಅಜ್ಜ ಗೇರ್‌ಬಾಕ್ಸ್ ಮತ್ತೆ ಬಿಚ್ಚಿ ಚಕ್ರ ತಿರುಗಿಸಿ ಕೂರಿಸಿದರು. ಕಾರು ಮುಂದಕ್ಕೆ ಓಡಿತು, ವರ್ಷಗಟ್ಟಲೆ ಓಡಿತು. ಎಲ್ಲೆಲ್ಲಿಗೆ ಹೋದೆವೆಂದು ಈಗ ಸರಿಯಾಗಿ ನೆನಪಿಲ್ಲ. ಆ ಬೆಳಗಿನ ಬಿಸಿಲು, ಹತ್ತಿ ಮೆತ್ತಿದ ಅಜ್ಜನ ಮೀಸೆ, ಅವರು ನಕ್ಕದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಇದ್ದಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ಅವರೇ ಹೇಳುತ್ತಿದ್ದರು, ನಾನು ಒಳಗೆ ಓಡಿಹೋಗುತ್ತಿದ್ದೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಎರಡನೆಯ ಹಾಳೆಯ ಮೂಲೆಯಲ್ಲಿ ಒಂದು ಎಣ್ಣೆಯ ಕಲೆ ಇದೆ. ಅಜ್ಜನ ಗೇರ್‌ಬಾಕ್ಸಿನದೆಂದು ನಿಮ್ಮಪ್ಪ ಅದನ್ನು ಕಣ್ಣಿಗೊತ್ತಿಕೊಂಡಾನು, ತಡೆಯಿರಿ. ಅದು ನಿನ್ನೆ ಕರಿದ ಆಂಬೊಡೆಯದು!